ಕೋರ್ಟು ಕರೆದಾಗ

‘ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ’ ಎಂಬ ಗಾದೆಯನ್ನು ಕೇಳದೆ ಬೆಳೆದವರು ಕನ್ನಡ ನಾಡಿನಲ್ಲಿ ವಿರಳ. ಗಾದೆ ಹುಟ್ಟಿದ್ದು ತಲೆಮಾರುಗಟ್ಟಲೆ ನಡೆಯುವ ಜಮೀನು ವ್ಯಾಜ್ಯಗಳನ್ನು ಕಂಡು ಇರಬಹುದು. ಆದರೆ ಅದರ ಭಯ ಕ್ರಿಮಿನಲ್ ಕೋರ್ಟಿನ ಬಾಗಿಲಿಗೂ ಹಬ್ಬಿಕೊಂಡಿದೆ. ಪೊಲೀಸ್ ಪೇದೆಯೊಬ್ಬರು ಮನೆ ಹುಡುಕಿಕೊಂಡು ಬಂದು ಸಮನ್ಸ್ ಕೊಟ್ಟರೆಂದರೆ ಆ ರಾತ್ರಿ ಮನೆಮಂದಿಗೆಲ್ಲ ನಿದ್ದೆ ಹತ್ತುವುದಿಲ್ಲ. ಊರವರು ಏನೆಂದುಕೊಂಡಾರು ಎಂಬ ಸಂಕೋಚ ಬೇರೆ.

ತಾಲ್ಲೂಕು ಕೇಂದ್ರದ ಕ್ರಿಮಿನಲ್ ಕೋರ್ಟಿನಲ್ಲಿ ದಿನವೂ ಕಾಣುವ ಮುಖಗಳು ಭಯಂಕರ ಅಪರಾಧಿಗಳವೇನೂ ಅಲ್ಲ. ಬೇಲಿಯ ಜಗಳದಲ್ಲಿ ಕೈ ಮಿಲಾಯಿಸಿದವರು, ಅಪಘಾತ ಮಾಡಿದ ಚಾಲಕರು, ಕೊಟ್ಟ ಚೆಕ್ಕು ಬೌನ್ಸ್ ಆದವರು, ಅಪಘಾತವನ್ನು ಕಣ್ಣಾರೆ ಕಂಡವರು, ಪೊಲೀಸರು ಕರೆದರೆಂದು ಮಹಜರಿಗೆ ಸಹಿ ಹಾಕಿದ ಅಂಗಡಿಯವರು, ಇಂಥವರೇ ಹೆಚ್ಚು. ಇವರಿಗೆ ತೊಂದರೆ ತರುವುದು ಬಹಳ ಸಲ ಕಾನೂನಿನ ಕಾಠಿಣ್ಯವಲ್ಲ. ಕರೆದ ದಿನ ಹೋಗದಿರುವುದು ಒಂದು, ಹೋದ ದಿನ ಅರ್ಥವಾಗದ ಪ್ರಶ್ನೆಗೆ ‘ಹೂಂ’ ಎಂದುಬಿಡುವುದು ಇನ್ನೊಂದು. ಕೋರ್ಟಿನ ಕ್ರಮ ಸ್ವಲ್ಪ ಗೊತ್ತಿದ್ದರೆ ಇವೆರಡನ್ನೂ ತಪ್ಪಿಸಿಕೊಳ್ಳಬಹುದು.

ಮಾತು ಹಲವು ಊರಿನದು

ಕೋರ್ಟಿನ ಆವರಣ ಹೊಸಬರನ್ನು ಮೊದಲು ಹೆದರಿಸುವುದು ಅಲ್ಲಿನ ಮಾತಿನಿಂದ. ವಕೀಲ, ಜಾಮೀನು, ಫಿರ್ಯಾದಿ, ಮಹಜರು, ವಾಯಿದೆ, ಹಾಜರು ಇವೆಲ್ಲ ಅರಬ್ಬಿ, ಪಾರಸಿ ಮೂಲದ ಪದಗಳು. ಮುಸಲ್ಮಾನ ದೊರೆಗಳ ಮತ್ತು ಮರಾಠರ ಆಡಳಿತದ ಕಾಲದಲ್ಲಿ ಕಚೇರಿಗೆ ಬಂದು, ಬ್ರಿಟಿಷರ ಕಾಲದಲ್ಲೂ ಅಲ್ಲೇ ಉಳಿದವು. ದಕ್ಷಿಣದಲ್ಲಿ ಮಹಜರು ಎನ್ನುವುದನ್ನು ಉತ್ತರ ಕರ್ನಾಟಕದವರು ಪಂಚನಾಮೆ ಎನ್ನುತ್ತಾರೆ. ಮೊಕದ್ದಮೆಗೆ ಅಲ್ಲಿ ಖಟ್ಲೆ ಎಂಬ ಹೆಸರೂ ಉಂಟು. ಸಮನ್ಸ್, ವಾರಂಟು, ಚಾರ್ಜ್‌ಶೀಟ್ ಇಂಗ್ಲಿಷಿನಿಂದ ಬಂದವು. ಸಾಕ್ಷಿ, ಪ್ರಮಾಣ, ದಂಡ ಸಂಸ್ಕೃತದವು.

ತಾಲ್ಲೂಕಿನ ಈ ಕೋರ್ಟನ್ನು ಜನ ‘ಜೆ.ಎಂ.ಎಫ್.ಸಿ.’ ಎಂದೇ ಕರೆಯುತ್ತಾರೆ. ಅಂದರೆ ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿಯ ನ್ಯಾಯಾಲಯ. ಬಹಳ ಕಡೆ ಹಿಂದೆ ಮುನ್ಸೀಫ್ ಎನ್ನುತ್ತಿದ್ದ ಸಿವಿಲ್ ನ್ಯಾಯಾಧೀಶರೇ ಈ ಅಧಿಕಾರವನ್ನೂ ನಡೆಸುತ್ತಾರೆ. ಹಳೆಯ ಮೈಸೂರು ಸಂಸ್ಥಾನದಲ್ಲಿ ಕಂದಾಯ ವಸೂಲು ಮಾಡುವ ಅಮಲ್ದಾರರಿಗೇ ಮ್ಯಾಜಿಸ್ಟ್ರೇಟರ ಅಧಿಕಾರವೂ ಇತ್ತು. ತೆರಿಗೆ ಕೇಳುವವರೂ ಶಿಕ್ಷೆ ಕೊಡುವವರೂ ಒಬ್ಬರೇ ಆಗಿರಬಾರದೆಂಬ ಕೂಗು ಸ್ವಾತಂತ್ರ್ಯಪೂರ್ವದಿಂದಲೂ ಇತ್ತು. 1974ರ ಏಪ್ರಿಲ್ 1ರಂದು ಜಾರಿಗೆ ಬಂದ ದಂಡ ಪ್ರಕ್ರಿಯಾ ಸಂಹಿತೆ ನ್ಯಾಯಿಕ ಮತ್ತು ಕಾರ್ಯಪಾಲಕ ದಂಡಾಧಿಕಾರಿಗಳನ್ನು ದೇಶದಾದ್ಯಂತ ಸ್ಪಷ್ಟವಾಗಿ ಬೇರ್ಪಡಿಸಿತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಅಂದೇ 1860ರ ಭಾರತ ದಂಡ ಸಂಹಿತೆಯ ಬದಲಿಗೆ ಭಾರತೀಯ ನ್ಯಾಯ ಸಂಹಿತೆಯೂ ಜಾರಿಯಾಯಿತು. ಆ ದಿನಕ್ಕಿಂತ ಹಿಂದೆ ನಡೆದ ಅಪರಾಧಗಳಿಗೆ ಹಳೆಯ ದಂಡ ಸಂಹಿತೆಯೇ ಅನ್ವಯ. ಹೀಗಾಗಿ ಕೆಲವು ವರ್ಷ ಹಳೆಯ, ಹೊಸ ಕಲಮುಗಳೆರಡೂ ಕೋರ್ಟಿನಲ್ಲಿ ಕೇಳಿಬರುತ್ತವೆ.

ಪ್ರಥಮ ದರ್ಜೆಯ ದಂಡಾಧಿಕಾರಿ ವಿಧಿಸಬಹುದಾದ ಸೆರೆವಾಸ ಹೆಚ್ಚೆಂದರೆ 3 ವರ್ಷ. ಹೊಸ ಸಂಹಿತೆಯಲ್ಲಿ ದಂಡದ ಮಿತಿ 10,000 ರೂಪಾಯಿಯಿಂದ 50,000 ರೂಪಾಯಿಗೆ ಏರಿದೆ. ಕೆಲವು ಸಣ್ಣ ಅಪರಾಧಗಳಿಗೆ ಸಮುದಾಯ ಸೇವೆಯನ್ನು ಶಿಕ್ಷೆಯಾಗಿ ಕೊಡುವ ಅವಕಾಶವೂ ಬಂದಿದೆ.

ಸಮನ್ಸ್ ಎಂಬ ಕಾಗದ

ಸಮನ್ಸ್ ಕೈಗೆ ಬಂದಾಗ ಮೊದಲು ನೋಡಬೇಕಾದದ್ದು ತಮ್ಮನ್ನು ಏನೆಂದು ಕರೆದಿದ್ದಾರೆ ಎಂಬುದನ್ನು. ಆರೋಪಿಯೇ, ಸಾಕ್ಷಿಯೇ? ಎಷ್ಟೋ ಸಾಕ್ಷಿಗಳು ತಮ್ಮ ಮೇಲೇ ಕೇಸಾಗಿದೆಯೆಂದು ಹೆದರಿ ಊರು ಬಿಡುವುದುಂಟು. ಕಾಗದದಲ್ಲಿ ಕೋರ್ಟಿನ ಹೆಸರು, ಕೇಸಿನ ನಂಬರು, ಹಾಜರಾಗಬೇಕಾದ ದಿನ, ಹೊತ್ತು, ಕೋರ್ಟಿನ ಮೊಹರು ಇರುತ್ತವೆ. ‘ಸಿ.ಸಿ.’ ಎಂದಿದ್ದರೆ ದಂಡಾಧಿಕಾರಿಯ ಮುಂದಿರುವ ಕ್ರಿಮಿನಲ್ ಕೇಸು. ‘ಚಾ.ಸಾ.’ ಎಂದರೆ ಚಾರ್ಜ್‌ಶೀಟಿನಲ್ಲಿ ಹೆಸರಿರುವ ಸಾಕ್ಷಿ.

ಸಮನ್ಸ್ ತೆಗೆದುಕೊಳ್ಳದಿದ್ದರೆ ಕೇಸಿನಿಂದ ಪಾರಾಗಬಹುದೆಂಬುದು ತಪ್ಪು ತಿಳಿವಳಿಕೆ. ಕರೆಯಬೇಕಾದವರು ಸಿಗದಿದ್ದರೆ ಅವರೊಡನೆ ವಾಸಿಸುವ ವಯಸ್ಕರಿಗೆ ಕೊಡಬಹುದು, ಅದೂ ಆಗದಿದ್ದರೆ ಮನೆಯ ಎದ್ದು ಕಾಣುವ ಜಾಗಕ್ಕೆ ಅಂಟಿಸಬಹುದು. ಹಳೆಯ ಸಂಹಿತೆಯಲ್ಲಿ ಹೀಗೆ ಪಡೆದುಕೊಳ್ಳುವ ಹಕ್ಕು ಮನೆಯ ವಯಸ್ಕ ಗಂಡಸರಿಗೆ ಮಾತ್ರ ಇತ್ತು. ಹೊಸ ಸಂಹಿತೆ ‘ಗಂಡಸು’ ಎಂಬ ಮಾತನ್ನು ಕೈಬಿಟ್ಟಿದೆ. ಹೆಂಡತಿಯೋ ತಾಯಿಯೋ ಪಡೆದರೂ ಸಮನ್ಸ್ ಜಾರಿಯಾದಂತೆಯೇ. ವಿದ್ಯುನ್ಮಾನ ರೂಪದ ಸಮನ್ಸಿಗೂ ಈಗ ಮಾನ್ಯತೆ ಇದೆ.

ಸಮನ್ಸ್ ಜಾರಿಯಾದ ಮೇಲೂ ಹಾಜರಾಗದವರಿಗೆ ವಾರಂಟು ಹೊರಡುತ್ತದೆ. ಮೊದಲು ಬರುವುದು ಸಾಮಾನ್ಯವಾಗಿ ಜಾಮೀನು ಕೊಟ್ಟು ಬಿಡಿಸಿಕೊಳ್ಳಬಹುದಾದ ವಾರಂಟು. ಅದಕ್ಕೂ ಬಗ್ಗದಿದ್ದರೆ ಜಾಮೀನುರಹಿತ ವಾರಂಟು. ಸಣ್ಣ ಬಡಿದಾಟದ ಕೇಸಿನಲ್ಲಿ ದಂಡ ಕಟ್ಟಿ ಮುಗಿಯಬಹುದಾಗಿದ್ದವರು ಜೈಲು ಕಾಣುವುದು ಈ ಹಾದಿಯಿಂದಲೇ.

ಹನ್ನೊಂದು ಗಂಟೆಯ ಹೊತ್ತಿಗೆ

ಕಲಾಪ ಆರಂಭವಾಗುವುದು ಹನ್ನೊಂದರ ಹೊತ್ತಿಗೆ. ಅರ್ಧ ಗಂಟೆ ಮೊದಲೇ ಹೋಗಿ ಅಂದಿನ ಕೇಸುಗಳ ಪಟ್ಟಿ ನೋಡುವುದು ಒಳ್ಳೆಯದು. ಈಗ ಪ್ರತಿ ಕೇಸಿಗೂ ಅಕ್ಷರ ಮತ್ತು ಅಂಕಿಗಳು ಕೂಡಿದ 16 ಸ್ಥಾನಗಳ ಒಂದು ಗುರುತಿನ ಸಂಖ್ಯೆ ಇದೆ. ಅದನ್ನು ಬರೆದಿಟ್ಟುಕೊಂಡರೆ ಮುಂದಿನ ದಿನಾಂಕವನ್ನು ಮೊಬೈಲಿನಲ್ಲೇ ತಿಳಿಯಬಹುದು. ಒಳಗೆ ಹೋಗುವಾಗ ಮಾತ್ರ ಮೊಬೈಲು ಬಂದಾಗಿರಬೇಕು.

ಎತ್ತರದ ಪೀಠದಲ್ಲಿ ನ್ಯಾಯಾಧೀಶರು. ಅವರ ಕೆಳಗೆ ಕಡತಗಳ ರಾಶಿಯೊಡನೆ ಬೆಂಚ್ ಕ್ಲರ್ಕ್, ಪಕ್ಕದಲ್ಲಿ ಬೆರಳಚ್ಚು ಮಾಡುವವರು. ಎದುರಿನ ಮೇಜಿನ ಸುತ್ತ ವಕೀಲರು. ಅವರಲ್ಲಿ ಒಬ್ಬರು ಸರಕಾರದ ಪರ ಕೇಸು ನಡೆಸುವ ಸಹಾಯಕ ಸರಕಾರಿ ಅಭಿಯೋಜಕರು. ಪೊಲೀಸ್ ಕೇಸಿನಲ್ಲಿ ದೂರು ಕೊಟ್ಟವರು ಸ್ವಂತ ವಕೀಲರನ್ನು ಇಡಲೇಬೇಕೆಂದಿಲ್ಲ, ಅವರ ಪರವಾಗಿ ವಾದಿಸುವುದು ಇವರ ಕೆಲಸ. ಹಿಂದೆ ಸಾರ್ವಜನಿಕರಿಗೆ ಬೆಂಚುಗಳು. ಜವಾನರು ಬಾಗಿಲಲ್ಲಿ ನಿಂತು ಹೆಸರು ಕೂಗುತ್ತಾರೆ. ಮೂರು ಸಲ ಕೂಗುವುದು ರೂಢಿ. ಚಹಾ ಕುಡಿಯಲು ಹೋದವರ ಹೆಸರೂ ‘ಗೈರುಹಾಜರು’ ಎಂದು ದಾಖಲಾಗಬಹುದು. ಆದ್ದರಿಂದ ಕೂಗು ಕೇಳುವಷ್ಟು ದೂರದಲ್ಲೇ ಇರಬೇಕು.

ಸಿನಿಮಾದಲ್ಲಿ ಕಾಣುವ ಎರಡು ಸಂಗತಿಗಳು ಇಲ್ಲಿ ಕಾಣುವುದಿಲ್ಲ. ‘ಆರ್ಡರ್, ಆರ್ಡರ್’ ಎಂದು ಮರದ ಸುತ್ತಿಗೆ ಬಡಿಯುವ ಪದ್ಧತಿ ಭಾರತದ ನ್ಯಾಯಾಲಯಗಳಲ್ಲಿಲ್ಲ. ಕೆಂಪು ಬಟ್ಟೆಯಲ್ಲಿ ಸುತ್ತಿದ ಭಗವದ್ಗೀತೆಯ ಮೇಲೆ ಕೈಯಿಡಿಸುವುದೂ ಇಲ್ಲ. 1969ರ ಪ್ರಮಾಣ ಕಾಯಿದೆಯಂತೆ ಸಾಕ್ಷಿಗಳು ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ದೇವರನ್ನು ನಂಬದವರು ಸತ್ಯನಿಷ್ಠೆಯಿಂದ ದೃಢೀಕರಿಸಬಹುದು. ಎರಡಕ್ಕೂ ಒಂದೇ ಬೆಲೆ. ನ್ಯಾಯಾಧೀಶರನ್ನು ಏನೆಂದು ಕರೆಯಬೇಕೆಂಬ ಚಿಂತೆಯೂ ಬೇಡ. ವಕೀಲರು ಕೆಳಹಂತದ ಕೋರ್ಟುಗಳಲ್ಲಿ ‘ಸರ್’ ಎಂದೋ ಅದಕ್ಕೆ ಸಮನಾದ ದೇಶಭಾಷೆಯ ಪದದಿಂದಲೋ ಸಂಬೋಧಿಸಬಹುದೆಂದು ವಕೀಲರ ಪರಿಷತ್ತು 2006ರಲ್ಲೇ ಹೇಳಿದೆ. ಹಳ್ಳಿಯಿಂದ ಬಂದವರು ‘ಸ್ವಾಮಿ’ ಎಂದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಜಾಮೀನು ಮತ್ತು ವಕೀಲರು

ಆರೋಪಿ ಮೊದಲ ಸಲ ಹಾಜರಾದಾಗ ಏಳುವ ಪ್ರಶ್ನೆ ಜಾಮೀನಿನದು. ಅಪರಾಧ ಜಾಮೀನಿಗೆ ಅರ್ಹವಾದದ್ದಾದರೆ ಬಿಡುಗಡೆ ಆರೋಪಿಯ ಹಕ್ಕು, ಅದು ಯಾರ ಕೃಪೆಯೂ ಅಲ್ಲ. ಉಳಿದವುಗಳಲ್ಲಿ ನ್ಯಾಯಾಧೀಶರ ವಿವೇಚನೆ ನಡೆಯುತ್ತದೆ. ಜಾಮೀನು ನಿಲ್ಲುವವರು ಗುರುತಿನ ಚೀಟಿ, ಪಹಣಿ ಮುಂತಾದ ಆಸ್ತಿ ದಾಖಲೆ ತರಬೇಕಾಗುತ್ತದೆ. ಆರೋಪಿ ತಲೆತಪ್ಪಿಸಿಕೊಂಡರೆ ಬರೆದುಕೊಟ್ಟ ಹಣವನ್ನು ಜಾಮೀನುದಾರರೇ ಕಟ್ಟಬೇಕಾದೀತು. ಕೋರ್ಟಿನ ಆವರಣದಲ್ಲಿ ಹಣಕ್ಕೆ ಸಿಗುವ ‘ಬಾಡಿಗೆ ಜಾಮೀನು’ಗಳ ಪಿಡುಗನ್ನು ತಡೆಯಲು, ಈಗಾಗಲೇ ಎಷ್ಟು ಮಂದಿಗೆ ಜಾಮೀನು ನಿಂತಿದ್ದೇನೆಂದು ಜಾಮೀನುದಾರರು ಕೋರ್ಟಿಗೆ ತಿಳಿಸಬೇಕೆಂಬ ನಿಯಮವಿದೆ.

ಜಾಮೀನು ಕೊಡಲು ಯಾರೂ ಇಲ್ಲದ ಬಡವರ ಗತಿ? ಜಾಮೀನಿಗೆ ಅರ್ಹವಾದ ಅಪರಾಧದಲ್ಲಿ ಬಂಧನವಾಗಿ ಒಂದು ವಾರದೊಳಗೆ ಜಾಮೀನುದಾರರನ್ನು ಒದಗಿಸಲಾಗದವರನ್ನು ನಿರ್ಗತಿಕರೆಂದು ಭಾವಿಸಿ, ಅವರ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬೇಕೆಂದು ಕಾನೂನು ಹೇಳುತ್ತದೆ. ಈ ಹಕ್ಕು ಗೊತ್ತಿಲ್ಲದ್ದರಿಂದಲೇ ಒಳಗೆ ಕೊಳೆಯುವವರು ಉಂಟು.

ವಕೀಲರ ಶುಲ್ಕಕ್ಕೆ ಹೆದರುವವರೂ ಕೈಚೆಲ್ಲಬೇಕಾಗಿಲ್ಲ. 1979ರಲ್ಲಿ ಬಿಹಾರದ ವಿಚಾರಣಾಧೀನ ಕೈದಿಗಳಿಗೆ ಸಂಬಂಧಿಸಿದ ಹುಸೇನಾರಾ ಖಾತೂನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಬಡ ಆರೋಪಿಗೆ ವಕೀಲರ ನೆರವು ಸಿಗುವುದು ನ್ಯಾಯಯುತ ವಿಚಾರಣೆಯ ಅಂಗವೇ ಎಂದು ಸಾರಿತು. ಅಲ್ಲಿನ ಕೈದಿಗಳಲ್ಲಿ ಹಲವರು ತಮ್ಮ ಮೇಲಿನ ಆರೋಪಕ್ಕೆ ವಿಧಿಸಬಹುದಾಗಿದ್ದ ಗರಿಷ್ಠ ಶಿಕ್ಷೆಗಿಂತ ಹೆಚ್ಚು ಕಾಲವನ್ನು ವಿಚಾರಣೆಯೇ ಇಲ್ಲದೆ ಜೈಲಿನಲ್ಲಿ ಕಳೆದಿದ್ದರು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆ 1995ರ ನವೆಂಬರ್ 9ರಂದು ಜಾರಿಗೆ ಬಂದ ಮೇಲೆ ತಾಲ್ಲೂಕು ಮಟ್ಟದಲ್ಲೂ ಉಚಿತ ಕಾನೂನು ನೆರವಿನ ಸಮಿತಿಗಳಿವೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು ಆದಾಯ ಎಷ್ಟೇ ಇದ್ದರೂ ಈ ನೆರವಿಗೆ ಅರ್ಹರು. ಉಳಿದವರಿಗೆ ಆದಾಯದ ಮಿತಿ ಇದೆ. ಸಮಿತಿಯ ಕಚೇರಿ ಸಾಮಾನ್ಯವಾಗಿ ಕೋರ್ಟಿನ ಆವರಣದಲ್ಲೇ ಇರುತ್ತದೆ. ಅಲ್ಲಿಗೆ ಹೋಗಲಾಗದಿದ್ದರೆ, ಹೆಸರು ಕೂಗಿದಾಗ ‘ವಕೀಲರನ್ನು ಇಡಲು ಶಕ್ತಿಯಿಲ್ಲ’ ಎಂದು ನ್ಯಾಯಾಧೀಶರಿಗೇ ಹೇಳಬಹುದು.

ಪೊಲೀಸರು ಸಲ್ಲಿಸಿದ ವರದಿ, ಪ್ರಥಮ ವರ್ತಮಾನ ವರದಿ, ಸಾಕ್ಷಿಗಳ ಹೇಳಿಕೆಗಳು, ಇವುಗಳ ಪ್ರತಿಗಳು ಆರೋಪಿಗೆ ಉಚಿತವಾಗಿ ಸಿಗಬೇಕು. ಅವನ್ನು ಓದಿಸಿಕೊಳ್ಳದೆ ಮುಂದಿನ ಹೆಜ್ಜೆ ಇಡಬಾರದು.

ಒಂದೇ ಪ್ರಶ್ನೆ, ಒಂದೇ ಉತ್ತರ

ಆ ಮುಂದಿನ ಹೆಜ್ಜೆಯೇ ಇಡೀ ಕೇಸಿನಲ್ಲಿ ಬಹಳ ಮುಖ್ಯವಾದದ್ದು. ನ್ಯಾಯಾಧೀಶರು ಆರೋಪವನ್ನು ಓದಿ ಹೇಳಿ, ‘ತಪ್ಪು ಒಪ್ಪಿಕೊಳ್ಳುತ್ತೀರೋ, ವಿಚಾರಣೆ ಬಯಸುತ್ತೀರೋ?’ ಎಂದು ಕೇಳುತ್ತಾರೆ. ಕೇಳಿ ಮುಗಿಯಲು ಎರಡು ನಿಮಿಷ ಸಾಕು. ಉತ್ತರದ ಫಲ ಮಾತ್ರ ಬದುಕಿನುದ್ದಕ್ಕೂ ಉಳಿಯಬಹುದು.

ಪ್ರಶ್ನೆ ಹೊಸದಲ್ಲ. ಒಂಬೈನೂರು ವರ್ಷಗಳ ಹಿಂದೆ, ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ವಿಜ್ಞಾನೇಶ್ವರ ಬರೆದ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ವ್ಯಾಜ್ಯಕ್ಕೆ ನಾಲ್ಕು ಪಾದಗಳೆಂದು ವಿವರಿಸುತ್ತದೆ: ದೂರು, ಉತ್ತರ, ಸಾಕ್ಷ್ಯ, ನಿರ್ಣಯ. ದೂರನ್ನು ಎದುರಾಳಿಯ ಸಮ್ಮುಖದಲ್ಲೇ ಬರೆದುಕೊಳ್ಳಬೇಕು. ಅವನು ಕೊಡಬಹುದಾದ ಉತ್ತರದಲ್ಲೂ ನಾಲ್ಕು ಬಗೆ. ಒಪ್ಪುವುದು ಒಂದು, ಅಲ್ಲಗಳೆಯುವುದು ಒಂದು. ನಡೆದದ್ದು ನಿಜ, ಆದರೆ ಅದಕ್ಕೆ ತಕ್ಕ ಕಾರಣವಿದೆ ಎನ್ನುವುದು ಮೂರನೆಯದು. ಇದು ಹಿಂದೆಯೇ ತೀರ್ಮಾನವಾಗಿದೆ ಎನ್ನುವುದು ನಾಲ್ಕನೆಯದು. ಇಂದಿನ ಕೋರ್ಟಿನ ವಿಧಿಗಳು ಇಂಗ್ಲಿಷ್ ಕಾನೂನಿನಿಂದ ಬಂದವು, ಮಿತಾಕ್ಷರಾದಿಂದಲ್ಲ. ಆದರೂ ಎರಡೂ ಕಡೆ ಒಂದು ತಿಳಿವಳಿಕೆ ಸಮಾನ: ಉತ್ತರ ಕೇಳದೆ ತೀರ್ಪಿಲ್ಲ, ಉತ್ತರವನ್ನು ಹಗುರವಾಗಿ ಕೊಡುವಂತೆಯೂ ಇಲ್ಲ.

ಇಂದು ಅದನ್ನು ಹಗುರವಾಗಿ ಕೊಡುವವರೇ ಬಹಳ. ‘ಅಲೆದಾಟ ಯಾಕೆ, ಒಪ್ಪಿಕೊಂಡು ದಂಡ ಕಟ್ಟಿಬಿಡಿ, ಇವತ್ತೇ ಮುಗಿಯುತ್ತದೆ’ ಎಂಬ ಸಲಹೆ ಕೋರ್ಟಿನ ಜಗಲಿಯಲ್ಲಿ ಸುಲಭವಾಗಿ ಸಿಗುತ್ತದೆ. ಒಂದು ದಿನದ ಕೂಲಿ ತಪ್ಪಿದರೆ ಒಲೆ ಹೊತ್ತದ ಮನೆಯವರಿಗೆ ಅದು ಹಿತವಾಗಿಯೂ ಕೇಳಿಸುತ್ತದೆ. ಆದರೆ ಒಪ್ಪಿಕೊಂಡು ದಂಡ ಕಟ್ಟುವುದೆಂದರೆ ಅಪರಾಧಿಯೆಂದು ತೀರ್ಮಾನವಾಗುವುದೇ. ನಾಳೆ ಸರಕಾರಿ ನೌಕರಿಗೋ ಪಾಸ್‌ಪೋರ್ಟಿಗೋ ಅರ್ಜಿ ಹಾಕಿದಾಗ ಆ ದಾಖಲೆ ಎದುರಾಗಬಹುದು. ತಪ್ಪೊಪ್ಪಿಗೆಯ ಮೇಲಿನ ತೀರ್ಪಿಗೆ ಮೇಲ್ಮನವಿಯೂ ಇಲ್ಲ. ಶಿಕ್ಷೆ ಹೆಚ್ಚಾಯಿತು ಅಥವಾ ಅದು ಕಾನೂನುಬದ್ಧವಲ್ಲ ಎಂದಷ್ಟೇ ಮೇಲಿನ ಕೋರ್ಟಿಗೆ ಹೋಗಬಹುದು. ನಿಜವಾಗಿ ತಪ್ಪು ಮಾಡಿದವರು ಒಪ್ಪಿಕೊಳ್ಳುವುದು ಗೌರವದ ಮಾತೇ. ಅರ್ಥವಾಗದೆ ಒಪ್ಪಿಕೊಳ್ಳುವುದು ಬೇರೆ. ‘ಅರ್ಥವಾಗಲಿಲ್ಲ ಸ್ವಾಮಿ, ಕನ್ನಡದಲ್ಲಿ ಬಿಡಿಸಿ ಹೇಳಿ’ ಎನ್ನುವುದು ಉದ್ಧಟತನವಲ್ಲ, ಹಕ್ಕು. ಆರೋಪವನ್ನು ಓದಿ ವಿವರಿಸಬೇಕೆಂದು ಕಾನೂನೇ ಹೇಳುತ್ತದೆ.

ರಾಜಿ ಎಂಬುದು ತಪ್ಪೊಪ್ಪಿಗೆಗಿಂತ ಬೇರೆ. ಸಣ್ಣ ಪೆಟ್ಟು, ಚೆಕ್ ಬೌನ್ಸ್ ಮುಂತಾದ ರಾಜಿಯಾಗಬಲ್ಲ ಕೇಸುಗಳಲ್ಲಿ ಎರಡೂ ಕಡೆಯವರು ಕ್ರಮಪ್ರಕಾರ ಒಪ್ಪಂದಕ್ಕೆ ಬಂದರೆ ಆರೋಪಿ ಖುಲಾಸೆಯಾದಂತೆ. ನೆರೆಹೊರೆಯ ಜಗಳಗಳಿಗೆ ಲೋಕ ಅದಾಲತ್ ಒಳ್ಳೆಯ ದಾರಿಯಾಗಿರುವುದು ಇದರಿಂದಲೇ.

ಸಾಕ್ಷಿಯ ಕಟಕಟೆ

ವಿಚಾರಣೆ ಬಯಸಿದರೆ ಸಾಕ್ಷಿಗಳ ಸರದಿ. ಮೊದಲು ಕರೆಸಿದವರ ಕಡೆಯಿಂದ ಮುಖ್ಯ ವಿಚಾರಣೆ, ಆಮೇಲೆ ಎದುರು ವಕೀಲರ ಪಾಟಿ ಸವಾಲು. ರಾಜ್ಯದ ಕೆಳ ನ್ಯಾಯಾಲಯಗಳ ಭಾಷೆ ಕನ್ನಡ. ಸಾಕ್ಷಿಗಳು ತಮ್ಮ ಊರಿನ ಮಾತಿನಲ್ಲೇ ಹೇಳಬಹುದು. ಕನ್ನಡ ಬಾರದ ಆರೋಪಿಗೆ ಸಾಕ್ಷ್ಯವನ್ನು ಅನುವಾದಿಸಿ ಹೇಳಬೇಕು.

ಪಾಟಿ ಸವಾಲಿನ ಧಾಟಿ ಹೊಸಬರನ್ನು ಕಕ್ಕಾಬಿಕ್ಕಿ ಮಾಡುತ್ತದೆ. ‘ಆ ದಿನ ನೀವು ಅಲ್ಲಿ ಇರಲೇ ಇಲ್ಲ ಎಂದರೆ?’, ‘ಸುಳ್ಳು ಸಾಕ್ಷಿ ಹೇಳುತ್ತಿದ್ದೀರಿ ಎಂದರೆ?’ ಎಂದು ವಕೀಲರು ಕೇಳುತ್ತಾರೆ. ಸಾಕ್ಷಿಗೆ ಅದು ಬೈಗುಳದಂತೆ ಕೇಳಿಸುತ್ತದೆ. ವಾಸ್ತವದಲ್ಲಿ ಅದು ಆರೋಪಿಯ ವಾದವನ್ನು ಸಾಕ್ಷಿಯ ಮುಂದಿಟ್ಟು ಉತ್ತರ ಪಡೆಯುವ ಕ್ರಮ. ‘ಸರಿಯಲ್ಲ’ ಎಂದರೆ ಅಷ್ಟೇ ದಾಖಲಾಗುತ್ತದೆ. ಕೋಪದಿಂದ ಆಡಿದ ಎರಡು ಮಾತು ಕೇಸನ್ನೇ ಕೆಡಿಸಬಹುದು. ಗೊತ್ತಿಲ್ಲದ್ದಕ್ಕೆ ‘ಗೊತ್ತಿಲ್ಲ’, ಮರೆತದ್ದಕ್ಕೆ ‘ನೆನಪಿಲ್ಲ’ ಎನ್ನುವುದರಲ್ಲಿ ಅವಮಾನವಿಲ್ಲ. ಕೇವಲ ಅವಮಾನಿಸಲೆಂದೇ ಕೇಳುವ ಪ್ರಶ್ನೆಗಳನ್ನು ನ್ಯಾಯಾಧೀಶರು ತಡೆಯುತ್ತಾರೆ. ಪ್ರಮಾಣ ಮಾಡಿ ಬೇಕೆಂದೇ ಸುಳ್ಳು ಹೇಳುವುದು ಮಾತ್ರ 7 ವರ್ಷದವರೆಗೆ ಸೆರೆವಾಸಕ್ಕೆ ಈಡಾಗುವ ಅಪರಾಧ.

ಆರೋಪಿಯ ಸ್ಥಿತಿ ಬೇರೆ. ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಆರೋಪಿಯನ್ನು ಬಲವಂತಪಡಿಸಬಾರದೆಂದು ಸಂವಿಧಾನದ 20ನೆಯ ವಿಧಿ ಹೇಳುತ್ತದೆ. ಎದುರು ಸಾಕ್ಷ್ಯವೆಲ್ಲ ಮುಗಿದ ಮೇಲೆ ನ್ಯಾಯಾಧೀಶರೇ ಅದರ ಒಂದೊಂದು ಅಂಶವನ್ನೂ ಹೇಳಿ ಆರೋಪಿಯ ವಿವರಣೆ ಕೇಳುತ್ತಾರೆ. ಆಗ ಪ್ರಮಾಣವಿಲ್ಲ. ಉತ್ತರ ಕೊಡದಿದ್ದರೂ ಅದಕ್ಕೆಂದು ಶಿಕ್ಷೆಯಿಲ್ಲ. ಆದರೂ ಹೇಳಲು ಏನಾದರೂ ಇದ್ದರೆ ಹೇಳುವ ಹೊತ್ತು ಅದೇ. ಎಲ್ಲದಕ್ಕೂ ‘ಸುಳ್ಳು’ ಎಂಬ ಒಂದೇ ಪದ ಒಪ್ಪಿಸಿ ಇಳಿದು ಬರುವವರು ಆ ಅವಕಾಶವನ್ನು ಕಳೆದುಕೊಳ್ಳುತ್ತಾರೆ.

ವಾಯಿದೆಯ ದಾರಿ

ಇದೆಲ್ಲ ಒಂದೇ ದಿನದಲ್ಲಿ ಮುಗಿಯುವುದಿಲ್ಲ. ವಾಯಿದೆ ಎಂಬ ಪದದ ಮೂಲಾರ್ಥ ಮಾತು ಕೊಡುವುದು. ಕೋರ್ಟಿನಲ್ಲಿ ಅದಕ್ಕೆ ಮುಂದೂಡುವುದೆಂಬ ಅರ್ಥವೇ ಗಟ್ಟಿಯಾಗಿದೆ. ಸಾಕ್ಷಿ ಬರಲಿಲ್ಲ, ವಕೀಲರು ಬೇರೆ ಕೋರ್ಟಿನಲ್ಲಿದ್ದಾರೆ, ನ್ಯಾಯಾಧೀಶರಿಗೆ ವರ್ಗವಾಯಿತು ಎಂದು ದಿನಗಳು ಉರುಳುತ್ತವೆ. ಗಾದೆಯ ಕಹಿಗೆ ನಿಜವಾದ ಕಾರಣ ಇದೇ. ಈ ಲೋಪ ಕೋರ್ಟಿಗೆ ಬರುವವರದಲ್ಲ, ಅದರ ಬೆಲೆ ತೆರುವವರು ಮಾತ್ರ ಅವರೇ.

ಆದರೂ ಪ್ರತಿ ವಾಯಿದೆಗೂ ಹಾಜರಿರಬೇಕು. ಕಾಯಿಲೆ, ಮದುವೆ, ಸಾವು ಎಂದು ಬರಲಾಗದಿದ್ದರೆ ವಕೀಲರ ಮೂಲಕ ಅಂದೇ ಅರ್ಜಿ ಕೊಟ್ಟು ಗೈರುಹಾಜರಿ ಮನ್ನಿಸುವಂತೆ ಕೇಳಬಹುದು. ಹೇಳದೆ ತಪ್ಪಿಸಿಕೊಂಡರೆ ಜಾಮೀನೇ ರದ್ದಾಗಬಹುದು. ಹೊರಡುವ ಮುನ್ನ ಮುಂದಿನ ದಿನಾಂಕವನ್ನು ಕೇಳಿ ಬರೆದುಕೊಳ್ಳಬೇಕು. ಸಾಕ್ಷಿಗಳಿಗೆ ಪ್ರಯಾಣ ವೆಚ್ಚ ಕೊಡಿಸುವ ಅಧಿಕಾರ ಕೋರ್ಟಿಗಿದೆ, ಕೇಳಿ ಪಡೆಯುವುದರಲ್ಲಿ ಸಂಕೋಚ ಬೇಡ.

ಕೊನೆಗೆ ತೀರ್ಪು. ಶಿಕ್ಷೆಯಾದರೆ ಆರೋಪಿಗೆ ತೀರ್ಪಿನ ಪ್ರತಿ ತಕ್ಷಣ ಉಚಿತವಾಗಿ ಸಿಗಬೇಕು. ಸೆಷನ್ಸ್ ಕೋರ್ಟಿಗೆ ಮೇಲ್ಮನವಿ ಸಲ್ಲಿಸಲು 30 ದಿನಗಳ ಅವಧಿ ಇದೆ. ಶಿಕ್ಷೆ 3 ವರ್ಷ ಮೀರದಿದ್ದು ಆರೋಪಿ ಜಾಮೀನಿನ ಮೇಲೇ ಇದ್ದರೆ, ಮೇಲ್ಮನವಿ ಸಲ್ಲಿಸುವವರೆಗೆ ಶಿಕ್ಷೆ ವಿಧಿಸಿದ ಕೋರ್ಟೇ ಜಾಮೀನು ಕೊಡಬಹುದು.

ಇಷ್ಟನ್ನೂ ಓದಿಯೂ ಎದೆ ಹೊಡೆದುಕೊಳ್ಳುವವರಿಗೆ ಒಂದು ಸುಲಭ ಉಪಾಯವಿದೆ. ಅತ್ಯಾಚಾರದಂಥ ಕೆಲವು ಪ್ರಕರಣಗಳನ್ನು ಬಿಟ್ಟರೆ ಕ್ರಿಮಿನಲ್ ವಿಚಾರಣೆ ನಡೆಯುವುದು ತೆರೆದ ನ್ಯಾಯಾಲಯದಲ್ಲಿ. ಜಾಗವಿದ್ದಷ್ಟು ಯಾರು ಬೇಕಾದರೂ ಹೋಗಿ ಕುಳಿತು ನೋಡಬಹುದು, ಚೀಟಿಯೂ ಬೇಡ, ಪರಿಚಯವೂ ಬೇಡ. ಸಮನ್ಸಿನ ದಿನಕ್ಕಿಂತ ನಾಲ್ಕು ದಿನ ಮೊದಲು ಒಂದು ಬೆಳಗ್ಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತುಬಂದರೆ ಸಾಕು. ಜವಾನರ ಕೂಗು ಹೇಗಿರುತ್ತದೆ, ಎಲ್ಲಿ ನಿಲ್ಲಬೇಕು, ಎಷ್ಟು ಮಾತಾಡಬೇಕು ಎಂಬುದು ಕಣ್ಣಿಗೆ ಬೀಳುತ್ತದೆ. ತಮ್ಮ ಹೆಸರು ಕೂಗಿದ ದಿನ ಕಾಲು ನಡುಗುವುದು ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ.